ಬಿರಿದ ನೆಲದಲ್ಲಿಯೂ ಶಿವಸ್ತುತಿ



ಹಿಂಗಾರಿ ಬಿಳಿಜೋಳ ಹಾಲುಗಾಳಾಗುವ ಕಾಲದಲ್ಲಿ, ಬೆಳಗಿನ ಹೊತ್ತು, ಎರೆಹೊಲದ ಬದುವಿನ ಮೇಲೆ ನಿಂತು ನೋಡಬೇಕು. ಎಲೆಯ ತುದಿಗೆಲ್ಲ ಇಬ್ಬನಿ. ಸೂರ್ಯ ಮೇಲೇರಿದರೆ ಒಂದೊಂದು ಹನಿಯಲ್ಲಿಯೂ ಒಬ್ಬೊಬ್ಬ ಸೂರ್ಯ. ಇದಕ್ಕೆ ನಾವು ಕೊಟ್ಟ ಬೆಲೆಯೇನು? ಏನೂ ಇಲ್ಲ. ಬೇಡದೆ ಕೊಟ್ಟವನು ಪರಮಾತ್ಮ. ಕೊಟ್ಟು ಕಾಣದಂತೆ ನಿಂತವನೂ ಅವನೇ. ಕೊಟ್ಟವನನ್ನು ಮರೆತು ಉಂಡರೆ ಅದು ಬರಿಯ ಊಟ. ನೆನೆದು ಉಂಡರೆ ಪ್ರಸಾದ. ನಾಲಗೆಗೆ ಪ್ರಸಾದವಿರುವಂತೆ ಕಣ್ಣಿಗೂ ಪ್ರಸಾದವುಂಟು. ಸೃಷ್ಟಿಯ ಸೊಬಗೇ ಕಣ್ಣಿನ ಪ್ರಸಾದ.

ಆದರೆ ರೈತನೊಬ್ಬ ಎದ್ದು ನಿಂತು, "ಅಜ್ಜಾರೆ, ಮಳೆಯಾದ ವರ್ಷ ದೇವರನ್ನು ಹೊಗಳುವುದು ಸುಲಭ. ಮಳೆ ಹೋದ ವರ್ಷ ಏನನ್ನು ನೋಡಿ ಹೊಗಳಲಿ?" ಎಂದು ಕೇಳಿದರೆ ಉತ್ತರವೇನು? 2023ರಲ್ಲಿ ನಮ್ಮ ನಾಡಿನ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಬಿತ್ತಿದ ಬೀಜ ಮಣ್ಣುಪಾಲಾದವನ ಮುಂದೆ ಪ್ರಕೃತಿಯ ಸೌಂದರ್ಯವನ್ನು ವರ್ಣಿಸಹೊರಟರೆ ಅದು ಧರ್ಮಬೋಧೆಯಲ್ಲ, ಗಾಯಕ್ಕೆ ಉಪ್ಪು. ಈ ಪ್ರಶ್ನೆಯನ್ನು ದಾಟಿ ಹೋಗಲು ಬರುವುದಿಲ್ಲ.

ಮೊದಲು ಆ ಎರೆನೆಲವನ್ನೇ ನೋಡಿರಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ನೆಲ ಸತ್ತಿತೆಂದು ನಾವು ಮುಖ ತಿರುಗಿಸುತ್ತೇವೆ. ಆದರೆ ಮೊದಲ ಮಳೆಯ ನೀರು ಆಳಕ್ಕೆ ಇಳಿಯುವುದು ಆ ಬಿರುಕುಗಳಿಂದಲೇ. ಹಾಗೆ ಒಡಲಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಹಿಂಗಾರಿ ಜೋಳ ಬೆಳೆಯುತ್ತದೆ. ನಮ್ಮ ಕಣ್ಣಿಗೆ ಗಾಯ. ನೆಲಕ್ಕೆ ಅದು ನೀರಿಗಾಗಿ ತೆರೆದ ಬಾಯಿ. ಚೈತ್ರದ ಉರಿಬಿಸಿಲಿನಲ್ಲಿ ಬೇವಿನ ಮರ ಚಿಗುರಿ ಹೂ ಬಿಡುತ್ತದೆ. ಸುತ್ತ ಹಸಿರಿಲ್ಲದಿದ್ದರೂ ಅದರ ಬೇರು ಆಳದ ತೇವವನ್ನು ಬಲ್ಲದು. ಪರಮಾತ್ಮ ಬರಗಾಲದಿಂದಲೂ ಹೊರಗೆ ಹೋಗಿಲ್ಲ.

ಇದನ್ನು ಕಾಣಲು ಕಣ್ಣಿಗೆ ಸಂಸ್ಕಾರ ಬೇಕು. ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಎವೆಯಿಕ್ಕದೆ ನೋಡುವ ಸಾಧನೆ ಏತಕ್ಕೆ? ಲಾಭನಷ್ಟಗಳನ್ನು ಎಣಿಸುವ ಕಣ್ಣು ಶಾಂತವಾಗಲೆಂದು. ಆ ಕಣ್ಣನ್ನು ಎತ್ತಿ ಲೋಕವನ್ನು ನೋಡಿದಾಗ ಎಲ್ಲೆಲ್ಲಿಯೂ ಅವನದೇ ಗುರುತು. ಅಕ್ಕಮಹಾದೇವಿ ಎಲ್ಲವನ್ನೂ ಬಿಟ್ಟು ಶ್ರೀಶೈಲದ ಕಾಡುದಾರಿ ಹಿಡಿದಾಗ, ಗಿಳಿ ಕೋಗಿಲೆಗಳನ್ನು ಕೇಳಿದ್ದು ಚೆನ್ನಮಲ್ಲಿಕಾರ್ಜುನನ ಸುಳಿವನ್ನು. ಅವಳಿಗೆ ಹೊಲವಿರಲಿಲ್ಲ, ಹಗೇವು ಇರಲಿಲ್ಲ. ಅವಳ ಸ್ತುತಿ ಸುಗ್ಗಿಯನ್ನು ನಂಬಿ ಹುಟ್ಟಿದ್ದಲ್ಲ.

ಇಷ್ಟು ತಿಳಿದರೂ ರೈತನ ಹಸಿವು ಹಾಗೆಯೇ ಉಳಿಯಿತಲ್ಲ? ಹೌದು. ಆ ಹಸಿವಿಗೆ ಉತ್ತರ ಕೊಡಬೇಕಾದವರು ಹೊಟ್ಟೆ ತುಂಬಿದ ನಾವು. ಬಿಸಿಲಲ್ಲಿ ಚಿಗುರಿದ ಬೇವು ತನ್ನ ನೆರಳನ್ನು ತಾನೇ ಇಟ್ಟುಕೊಳ್ಳುವುದಿಲ್ಲ. ಬಂದ ದನಕ್ಕೂ ಕೊಟ್ಟಿತು, ದಣಿದ ಮನುಷ್ಯನಿಗೂ ಕೊಟ್ಟಿತು. ಮರ ಮಾಡುವ ದಾಸೋಹ ಅದು. ಕಣಜದಲ್ಲಿ ಜೋಳವಿದ್ದವನು ಒಂದು ಚೀಲವನ್ನು ಇಲ್ಲದವನ ಮನೆಗೆ ಮುಟ್ಟಿಸಲಿ. ಆಗ ಮಳೆಯಿಲ್ಲದ ವರ್ಷವೂ ಆ ಮನೆಯಲ್ಲಿ ಒಲೆ ಹೊತ್ತುತ್ತದೆ, ಶಿವನ ನೆನಹು ಹುಟ್ಟುತ್ತದೆ. ಬಾಯಿಂದ ಹೊಗಳುವುದು ಅರ್ಧ ಸ್ತುತಿ. ಕೈಯಿಂದ ಕೊಟ್ಟಾಗ ಅದು ಪೂರ್ಣ.

ನಾಳೆ ಬೆಳಗ್ಗೆ ಹೊಲಕ್ಕೆ ಹೋದಾಗ ಕ್ಷಣಹೊತ್ತು ಸುಮ್ಮನೆ ನಿಂತು ಇಬ್ಬನಿಯನ್ನು ನೋಡಿರಿ. ತಿರುಗಿ ಬರುವಾಗ ನೆರೆಯವನ ಹೊಲವನ್ನೂ ನೋಡಿರಿ. ಎರಡನ್ನೂ ನೋಡಿದ ಕಣ್ಣೇ ಶರಣರ ಕಣ್ಣು.