ಆಪತ್ತಿನ ಹೊತ್ತಿಗೆ ಹ್ಯಾಮ್ ರೇಡಿಯೊ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಿನ್ನೆ ಸಂಜೆ ಮೈದಾನದಲ್ಲಿ ಎರಡು ಮರಗಳ ನಡುವೆ ತಂತಿ ಕಟ್ಟುತ್ತಿದ್ದೆ. ಅಜ್ಜ ಒಬ್ಬರು ನಿಂತು ನೋಡಿ, "ಏನಪ್ಪಾ, ಬಟ್ಟೆ ಒಣಗಾಕಕ್ಕಾ?" ಎಂದರು. ರೇಡಿಯೊ ತಂತಿ ಅಜ್ಜಾ, ಬೆಂಗಳೂರಿನವರ ಜೊತೆ ಮಾತಾಡಬಹುದು ಎಂದೆ. "ಹಂಗಾರೆ ತಿಂಗಳಿಗೆ ಎಷ್ಟು ಕರೆನ್ಸಿ ಹಾಕಿಸ್ಬೇಕು?" ಎಂದು ಕೇಳಿದರು. ಕರೆನ್ಸಿ ಬೇಡ, ಟವರ್ ಬೇಡ, ಕರೆಂಟೂ ಬೇಡ, ಕಾರಿನ ಬ್ಯಾಟರಿ ಒಂದಿದ್ದರೆ ಸಾಕು ಎಂದೆ. ಅವರು ನಂಬದೆ ನಗುತ್ತಾ ಹೋದರು. ಈಗ ಇಲ್ಲೇ ಎಲ್ಲೋ ಕುಳಿತಿರಬಹುದು.

ಇದಕ್ಕೆ ಹ್ಯಾಮ್ ರೇಡಿಯೊ ಅಥವಾ ಹವ್ಯಾಸಿ ರೇಡಿಯೊ ಎನ್ನುತ್ತಾರೆ. ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರು ತಮ್ಮದೇ ಯಂತ್ರದಿಂದ ದೂರದೂರದವರ ಜೊತೆ ಸಂಪರ್ಕ ಮಾಡುತ್ತಾರೆ. ಉಳಿದ ದಿನಗಳಲ್ಲಿ ಇದು ಬರೀ ಹವ್ಯಾಸ. ನನ್ನ ಮನೆಯಾಕೆಯ ಮಾತಿನಲ್ಲಿ ಹೇಳುವುದಾದರೆ, ಗೊರಗೊರ ಸದ್ದು ಕೇಳುವ ಹುಚ್ಚು.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮತ್ತು ಅವರ ತಂಡ ಈ ಹವ್ಯಾಸಕ್ಕಾಗಿಯೇ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನುಗಳು ನಿಂತವು. ಆಟಕ್ಕೆಂದು ಒಯ್ದಿದ್ದ ಆ ರೇಡಿಯೊಗಳೇ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದವು. ತಮ್ಮವರು ಬದುಕಿದ್ದಾರೆಯೇ ಎಂದು ಕೇಳುತ್ತಿದ್ದವರಿಗೆ ಉತ್ತರ ತಂದವು. ಮೊನ್ನೆಮೊನ್ನೆ, 2024ರ ಜುಲೈ 30ರಂದು, ನಮ್ಮ ಗಡಿಗೆ ಅಂಟಿಕೊಂಡೇ ಇರುವ ವಯನಾಡಿನಲ್ಲಿ ಗುಡ್ಡ ಕುಸಿದಾಗಲೂ ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್‌ಗಳು ಕೇಂದ್ರ ತೆರೆದು ಕುಳಿತರು.

ಅಂಡಮಾನ್, ವಯನಾಡು ದೂರವಾಯಿತು ಎನ್ನಬೇಡಿ. ಹೊನ್ನಾಳಿಯಲ್ಲಿ ತುಂಗಭದ್ರೆ ಏರಿದಾಗ ತಗ್ಗಿನ ಮನೆಗಳವರನ್ನು ಕಾಳಜಿ ಕೇಂದ್ರಕ್ಕೆ ಕರೆದೊಯ್ಯುವುದನ್ನು ನಾವೆಲ್ಲ ಕಂಡವರೇ.

ಇಂಥ ಹೊತ್ತಿನಲ್ಲಿ ಹತ್ತಾರು ರೇಡಿಯೊಗಳು ಒಂದೇ ತರಂಗದಲ್ಲಿ ಸೇರುವುದಕ್ಕೆ 'ನೆಟ್' ಎನ್ನುತ್ತೇವೆ. ಅದನ್ನು ನಡೆಸುವವರು ನೆಟ್ ಕಂಟ್ರೋಲ್. ಹಾಜರಿ ಪುಸ್ತಕ ಹಿಡಿದ ಮೇಷ್ಟ್ರು ಎಂದುಕೊಳ್ಳಿ. ಅವರು ಹೆಸರು ಕೂಗಿದಾಗ ಮಾತ್ರ ಬಾಯಿ ಬಿಡಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೇಳುವುದಿಲ್ಲ.

ಈಗ ನನ್ನ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರವಾಹದ ಅಣಕು ಕಾರ್ಯಾಚರಣೆಯೊಂದರಲ್ಲಿ ಸಂದೇಶ ಬರೆದುಕೊಳ್ಳುವ ಕೆಲಸ ನನಗೆ ಬಂತು. ಅತ್ತ ಕಡೆಯವರು ಒಂದು ಶಿಬಿರದ ಪಟ್ಟಿ ಓದುತ್ತಿದ್ದರು: ಇಷ್ಟು ಮಕ್ಕಳು, ಇಷ್ಟು ವೃದ್ಧರು, ಇಂಥ ಮಾತ್ರೆ, ಇಷ್ಟು ಊಟ. ಸಿಡಿಲಿನ ಗರಗರ ಬೇರೆ. ಅವರು 'ಎಂಬತ್ತು' ಎಂದದ್ದನ್ನು ನಾನು 'ಎಪ್ಪತ್ತು' ಎಂದು ಬರೆದೆ. ತಿರುಗಿ ಓದಿ ಹೇಳಬೇಕೆಂಬ ನಿಯಮವಿತ್ತು, ಅವಸರದಲ್ಲಿ ಬಿಟ್ಟೆ. ಅಣಕು ಆದ್ದರಿಂದ ಸಂಜೆ ಎಲ್ಲರೂ ನಕ್ಕರು. ನಿಜವಾಗಿದ್ದರೆ ಹತ್ತು ಜನ ಉಪವಾಸ. ಆ ಹತ್ತು ಈಗಲೂ ನನ್ನ ತಲೆಯಿಂದ ಹೋಗಿಲ್ಲ.

"ಗುಡ್ಡ ಕುಸಿದಿದೆ, ಬೇಗ ಬನ್ನಿ" ಎನ್ನಲು ಧ್ವನಿಯೇ ಸಾಕು, ಧ್ವನಿಯೇ ಬೇಕು. ಆದರೆ ಹೆಸರು, ವಯಸ್ಸು, ಔಷಧಿಗಳ ಪಟ್ಟಿ ಮಾತಿನಲ್ಲಿ ಕೆಡುತ್ತದೆ. ಅದಕ್ಕೇ ಡಿಜಿಟಲ್ ವಿಧಾನಗಳು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ ಅಕ್ಷರಗಳು ಸಿಳ್ಳೆಯಂಥ ಸದ್ದಾಗಿ ರೇಡಿಯೊಗೆ ಹೋಗುತ್ತವೆ. ಆ ಕಡೆಯ ಲ್ಯಾಪ್‌ಟಾಪ್ ಸಿಳ್ಳೆಯನ್ನು ಕೇಳಿ ಮತ್ತೆ ಅಕ್ಷರ ಮಾಡುತ್ತದೆ. ಹಳೆಯ ಕಾಲದ ತಂತಿ ಸಂದೇಶವೇ ಇದು, ಕಟ್ಟಕಡ ಕುಟ್ಟುವ ಕೆಲಸ ಕಂಪ್ಯೂಟರಿಗೆ ಹೋಗಿದೆ, ಅಷ್ಟೇ.

ಇದರಲ್ಲಿ ಹಲವು ಬಗೆ. 1998ರಲ್ಲಿ ಪೀಟರ್ ಮಾರ್ಟಿನೆಜ್ ಎಂಬ ಹ್ಯಾಮ್ ರೂಪಿಸಿದ ಪಿಎಸ್‌ಕೆ31 ಎಂಬುದು ಕೆಲವೇ ವಾಟ್ ಶಕ್ತಿಯಲ್ಲಿ ನಿಮಿಷಕ್ಕೆ ಸುಮಾರು 50 ಪದ ಒಯ್ಯುತ್ತದೆ. ಮೊದಲ ಸಲ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದಾಗ, ಇನ್ನು ನನ್ನ 'ಎಪ್ಪತ್ತು' ತಪ್ಪು ಯಾರಿಗೂ ಆಗದು ಎಂದು ಹಿಗ್ಗಿದೆ. ಹಾಗಲ್ಲ. ಅದರಲ್ಲಿ ತಪ್ಪು ಹಿಡಿಯುವ ಏರ್ಪಾಡೇ ಇಲ್ಲ. ನಡುವೆ ಒಂದು ಮಿಂಚು ಹೊಡೆದರೆ 80 ಹೋಗಿ 30 ಆಗಬಹುದು, ನೋಡುವವರಿಗೆ ಅನುಮಾನವೂ ಬರುವುದಿಲ್ಲ. ಅಚ್ಚುಕಟ್ಟಾಗಿ ಕಾಣುವ ತಪ್ಪು ಗೀಚಿದ ತಪ್ಪಿಗಿಂತ ಅಪಾಯ. ಗೀಚಿದ್ದನ್ನು ಜನ ಮತ್ತೊಮ್ಮೆ ಕೇಳುತ್ತಾರೆ.

ಆದ್ದರಿಂದ ಮುಖ್ಯ ಪಟ್ಟಿಗಳಿಗೆ ಒಲಿವಿಯಾ ಎಂಬ ವಿಧಾನ ಬಳಸುತ್ತೇವೆ. ನಿಧಾನ, ಆದರೆ ಗದ್ದಲದಲ್ಲಿ ಹೂತುಹೋದ, ಕಿವಿಗೆ ಸರಿಯಾಗಿ ಕೇಳದ ಸಿಳ್ಳೆಯನ್ನೂ ಹೆಕ್ಕಿ ತೆಗೆಯುತ್ತದೆ. ಅದರ ಮೇಲೆ ಎಫ್‌ಎಲ್‌ಮೆಸೇಜ್ ಎಂಬ ಉಚಿತ ತಂತ್ರಾಂಶದ ನಮೂನೆ. ಅಡಿಕೆ ಮಂಡಿಯಲ್ಲಿ ಚೀಲಗಳ ತೂಕ ಬರೆದು ಕೆಳಗೆ ಒಟ್ಟು ಹಾಕುತ್ತಾರಲ್ಲ, ಹಾಗೆಯೇ ಇದು ಸಂದೇಶದ ಅಕ್ಷರಗಳಿಗೆಲ್ಲ ಒಂದು ಲೆಕ್ಕ ಹಾಕಿ ಸೇರಿಸಿ ಕಳಿಸುತ್ತದೆ. ಆ ಕಡೆಯ ಯಂತ್ರವೂ ಕೂಡಿ ನೋಡುತ್ತದೆ. ಒಂದು ಅಕ್ಷರ ಬದಲಾದರೂ ಲೆಕ್ಕ ತಾಳೆಯಾಗುವುದಿಲ್ಲ, ಮತ್ತೆ ಕಳಿಸಿ ಎನ್ನಬಹುದು.

ಹುಡುಗರು ಎಫ್‌ಟಿ8 ಬಗ್ಗೆ ಕೇಳುತ್ತಾರೆ. ಭೌತಶಾಸ್ತ್ರದಲ್ಲಿ 1993ರ ನೊಬೆಲ್ ಪಡೆದ ಜೋಸೆಫ್ ಟೇಲರ್ ಅವರು ಸಂಗಡಿಗರೊಡನೆ 2017ರಲ್ಲಿ ತಂದದ್ದು. ಖಂಡಾಂತರ ಸಂಪರ್ಕಕ್ಕೆ ಬಹಳ ಚೆನ್ನ. ಆದರೆ 15 ಸೆಕೆಂಡಿನ ಒಂದು ಸರದಿಗೆ ನಮ್ಮ ಸ್ವಂತ ಮಾತು 13 ಅಕ್ಷರ ಮಾತ್ರ. ಪ್ರವಾಹದ ಕೆಲಸಕ್ಕೆ ಅದು ಆಗದು.

ಕನ್ನಡದಲ್ಲಿ ಕಳಿಸಬಹುದೇ ಎಂದು ನಮ್ಮ ಕನ್ನಡ ಮೇಡಂ ನಿನ್ನೆ ಕೇಳಿದರು. ಕಳಿಸಬಹುದು ಮೇಡಂ, ಆದರೆ ದುಬಾರಿ. ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ನಮ್ಮ 'ಸ್ತ್ರೀ' ಒಂದಕ್ಕೇ 18. ನಿಧಾನದ ದಾರಿಯಲ್ಲಿ ಅದು ಭಾರ. ಅದಕ್ಕೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇವೆ. ಆಗ ಮಾಲಮ್ಮನೂ ಮಾಳಮ್ಮನೂ ಒಂದೇ ಆಗಿಬಿಡುತ್ತಾರೆ. ಯಾವ ಲೆಕ್ಕವೂ ಇದನ್ನು ಹಿಡಿಯುವುದಿಲ್ಲ. ಆದ್ದರಿಂದ ಹೆಸರಿನ ಮುಂದೆ ವಯಸ್ಸು, ತಂದೆ ಅಥವಾ ಗಂಡನ ಹೆಸರು, ಊರು ಕಡ್ಡಾಯ. ಯಾರ ಮನೆಗೆ ಯಾವ ಸುದ್ದಿ ಹೋಗುತ್ತದೆ ಎಂಬ ಪ್ರಶ್ನೆ ಅದು.

ಬೇಕಾದ ಸಾಮಾನು ಹೆಚ್ಚಿಲ್ಲ. ರೇಡಿಯೊ, ಹಳೆಯದಾದರೂ ಸರಿ ಒಂದು ಲ್ಯಾಪ್‌ಟಾಪ್, 12 ವೋಲ್ಟ್ ಬ್ಯಾಟರಿ, ಎರಡು ಅಡಿಕೆ ಮರಗಳ ನಡುವೆ ಕಟ್ಟಲು ಸುಮಾರು 66 ಅಡಿ ತಂತಿ. ರೇಡಿಯೊ ಮಾತ್ರ ದುಬಾರಿ. ಅದನ್ನು ನಮ್ಮ ಬ್ಯಾಚಿನವರು ಕೊಡಲು ಒಪ್ಪಿದ್ದೇವೆ. ಲೈಸೆನ್ಸ್ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು. ಅಂದರೆ ಇಲ್ಲಿ ಕುಳಿತಿರುವ ಮಕ್ಕಳೆಲ್ಲ ಬರೆಯಬಹುದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ತರಬೇತಿ ಕೊಡುತ್ತವೆ. ಓದಿಸಲು ತಿಂಗಳಿಗೊಂದು ಭಾನುವಾರ ನಾನೂ ಬರುತ್ತೇನೆ. ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ಒಂದೇ: ವಿಜ್ಞಾನದ ಕೊಠಡಿಯಲ್ಲಿ ಬೀಗ ಹಾಕುವ ಒಂದು ಬೀರು, ಮತ್ತು ವಾರಕ್ಕೆ ಒಂದು ಗಂಟೆ. ವಾರವಾರ ಅಭ್ಯಾಸವಿಲ್ಲದಿದ್ದರೆ ಬೇಕಾದ ದಿನ ಬ್ಯಾಟರಿಯೂ ಸತ್ತಿರುತ್ತದೆ, ನಿಯಮವೂ ಮರೆತಿರುತ್ತದೆ.

ಊಟವಾದ ಮೇಲೆ ಮೈದಾನಕ್ಕೆ ಬನ್ನಿ. ಬೆಂಗಳೂರಿನಲ್ಲಿ ಗೆಳೆಯರೊಬ್ಬರು ಮೂರು ಗಂಟೆಗೆ ರೇಡಿಯೊ ಮುಂದೆ ಕೂರುತ್ತೇನೆ ಎಂದಿದ್ದಾರೆ. ನಿನ್ನೆಯ ಅಜ್ಜ ಮೊದಲ ಸಂದೇಶ ಕೊಡಲಿ. ಉತ್ತರ ಬಂದ ಮೇಲೆ ನಾನು ತಿರುಗಿ ಓದಿ ಹೇಳುತ್ತೇನೆ.