ಮೋಟಾರಿನ ಗಾಲಿಯೂ ಎರೆಯ ಹಾದಿಯೂ

ಚಕ್ಕಡಿಯ ಗಾಲಿ ದೊಡ್ಡದಾದಷ್ಟೂ ಎತ್ತಿನ ಹೆಗಲಿಗೆ ಸುಖವೆಂಬುದನ್ನು ಸಿಂದಗಿಯ ಕಡೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಭೀಮೆಗೂ ಡೋಣಿಗೂ ನಡುವೆ ಹಬ್ಬಿರುವ ಆ ಎರೆಯ ನೆಲ ಮಳೆ ಬಿದ್ದೊಡನೆ ಅಂಟಾಗಿ ಗಾಲಿಯನ್ನು ಹಿಡಿಯುತ್ತದೆ. ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅಲ್ಲಿ ಸಣ್ಣ ಗಾಲಿಯ ಬಂಡಿ ನಡೆಯಲಾರದು.

ಆ ತಾಲ್ಲೂಕಿನವರಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ನಮ್ಮನ್ನು ಕಾಣಲು ಬಂದಿದ್ದರು. ಸೊಂಟದ ನೋವಿನಿಂದ ನರಳುವ ತಾಯಿಯನ್ನು ಅವರು ತಿಂಗಳಿಗೊಮ್ಮೆ ತಮ್ಮ ಸಣ್ಣ ಕಾರಿನಲ್ಲಿ ವಿಜಯಪುರಕ್ಕೆ ಚಿಕಿತ್ಸೆಗಾಗಿ ಕರೆದೊಯ್ಯಬೇಕು. ಸಿಂದಗಿಯಿಂದ ಸುಮಾರು 60 ಕಿಲೋಮೀಟರು. "14 ಇಂಚಿನ ಗಾಲಿ ತೆಗೆದು 16ರದು ಹಾಕಸಬೇಕಂತ ಮಾಡೀನ್ರಿ ಸರ್. ದೊಡ್ಡ ಗಾಲಿ ಅಂದಮೇಲೆ ನಮ್ಮ ರಸ್ತೆಗೆ ಚಲೋನ ಅಲ್ಲೇನ್ರಿ?" ಎಂದು ಕೇಳಿದರು. ಪ್ರಶ್ನೆ ಚಕ್ಕಡಿಯ ಅನುಭವದಿಂದ ಹುಟ್ಟಿದ್ದು, ಆದುದರಿಂದ ನಗೆಯಾಡತಕ್ಕದ್ದಲ್ಲ.

ಚಕ್ಕಡಿಯ ಲೆಕ್ಕವನ್ನೇ ಮೊದಲು ನೋಡೋಣ. ನಿಂತ ಗಾಲಿಯ ಮುಂದೆ 50 ಮಿಲಿಮೀಟರು ಎತ್ತರದ ಕಲ್ಲೊಂದು ಅಡ್ಡವಾಗಿದೆಯೆಂದು ಇಟ್ಟುಕೊಳ್ಳಿ. ಗಾಲಿ ಐದು ಅಡಿಯದಾದರೆ, ಅದನ್ನು ಕಲ್ಲಿನ ಮೇಲೆ ಹತ್ತಿಸಲು ಅದರ ಮೇಲಿನ ಭಾರದ ನೂರಕ್ಕೆ 38 ಪಾಲಿನಷ್ಟು ಸೆಳೆತ ಸಾಕು. ನಮ್ಮ ಸಣ್ಣ ಕಾರಿನ ಗಾಲಿಯಂತೆ 620 ಮಿಲಿಮೀಟರಿನದಾದರೆ ನೂರಕ್ಕೆ 65 ಪಾಲು ಬೇಕು. ದೊಡ್ಡ ಗಾಲಿಗೆ ಕಲ್ಲೂ ಸಣ್ಣದಾಗುತ್ತದೆ, ತಗ್ಗೂ ಸಣ್ಣದಾಗುತ್ತದೆ. ಬಡಗಿ ಈ ಗಣಿತವನ್ನು ಬರೆದು ಮಾಡಿದವನಲ್ಲ, ಮಾಡಿದ್ದು ಮಾತ್ರ ಸರಿಯಾಗಿತ್ತು.

ಹಾಗಾದರೆ ಶಿಷ್ಯರ ಮಾತು ನಿಜವೇ ಅಲ್ಲವೆ? ಅಲ್ಲ. ಅಂಗಡಿಯಲ್ಲಿ ಹೇಳುವ 16 ಇಂಚು ಗಾಲಿಯ ಅಳತೆಯಲ್ಲ, ಒಳಗಿನ ಲೋಹದ ರಿಮ್ಮಿನ ಅಳತೆ. ಅವರ ಕಾರಿನ ಟೈರಿನ ಮೇಲೆ 165, 80, 14 ಎಂದು ಮೂರು ಅಂಕಿಗಳಿವೆ. ಅಗಲ 165 ಮಿಲಿಮೀಟರು. ಟೈರಿನ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80, ಎಂದರೆ 132 ಮಿಲಿಮೀಟರು. ರಿಮ್ಮು 14 ಇಂಚು. ಎಲ್ಲ ಕೂಡಿ ಗಾಲಿಯ ಎತ್ತರ ಸುಮಾರು 620. ಅಂಗಡಿಯವನು ಸೂಚಿಸಿದ್ದು 195, 55, 16. ಕೂಡಿಸಿ ನೋಡಿದರೆ ಸುಮಾರು 621! ಗಾಲಿ ಬೆಳೆಯಲೇ ಇಲ್ಲ. ರಿಮ್ಮು ಹಿಗ್ಗಿತು, ಪಕ್ಕೆ 132ರಿಂದ 107ಕ್ಕೆ ಇಳಿಯಿತು. ಹಣ ಕೊಟ್ಟು ಗಾಲಿಯನ್ನು ಕೊಂಡೆವೆಂದುಕೊಂಡು ಗಾಳಿಯನ್ನು ಕಳೆದುಕೊಂಡಂತಾಯಿತು.

ಆ ಗಾಳಿಯ ಬೆಲೆ ಅಲ್ಪವಲ್ಲ. 1845ರಲ್ಲಿ ರಾಬರ್ಟ್ ಥಾಮ್ಸನ್ ಎಂಬಾತನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮತ್ತೆ ಅದನ್ನು ಕಂಡುಹಿಡಿದ ಮೇಲೆಯೇ ಲೋಕದ ಸವಾರಿ ಮೆತ್ತಗಾದದ್ದು. ಚಕ್ಕಡಿಯ ದೊಡ್ಡ ಗಾಲಿ ಎತ್ತಿನ ಶ್ರಮವನ್ನು ಇಳಿಸಿತೇ ಹೊರತು ಕುಳಿತವನ ಬೆನ್ನಿಗೆ ಬೀಳುವ ಪೆಟ್ಟನ್ನು ನುಂಗಲಿಲ್ಲ. ಅದರಲ್ಲಿ ಕುಳಿತು ಜಾತ್ರೆಗೆ ಹೋದವರೆಲ್ಲ ಇದಕ್ಕೆ ಸಾಕ್ಷಿ. ಪೆಟ್ಟನ್ನು ನುಂಗುವುದು ಟೈರಿನ ಪಕ್ಕೆ ಮತ್ತು ಸ್ಪ್ರಿಂಗು. ಎರೆಯ ಮೇಲೆ ಹಾಸಿದ ಡಾಂಬರು ರಸ್ತೆ ನೆಲ ಉಬ್ಬಿ ಕುಗ್ಗಿದಂತೆ ಅಲೆಯಾಗುತ್ತದೆ, ಅಂಚಿನಲ್ಲಿ ಒಡೆಯುತ್ತದೆ. ಅಲೆಯನ್ನು ಸ್ಪ್ರಿಂಗು ನೋಡಿಕೊಂಡೀತು. ಒಡೆದ ಅಂಚಿನ ಚೂಪಾದ ಹೊಡೆತಕ್ಕೆ ಪಕ್ಕೆಯೇ ಗತಿ. ಪಕ್ಕೆ ತೆಳುವಾದರೆ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಳನೂಲು ಹರಿದು ಹೊಟ್ಟೆಯಂತೆ ಉಬ್ಬುತ್ತದೆ. ಮಿಶ್ರಲೋಹದ ರಿಮ್ಮಾದರೆ ಸೀಳಲೂಬಹುದು. ಉಕ್ಕಿನ ರಿಮ್ಮು ಸೊಟ್ಟಗಾದರೆ ಬಡಿದು ನೇರ ಮಾಡುವವರು ಸಣ್ಣ ಊರಲ್ಲಿಯೂ ಸಿಗುತ್ತಾರೆ.

ಇನ್ನು ನಿಜವಾಗಿಯೇ ದೊಡ್ಡ ಗಾಲಿಯನ್ನು, 660 ಮಿಲಿಮೀಟರಿನದೆನ್ನೋಣ, ಹಾಕಿಸಿದರೆ? ಕಾರಿನ ಹೊಟ್ಟೆ ನೆಲದಿಂದ 20 ಮಿಲಿಮೀಟರು ಮೇಲಕ್ಕೇಳುತ್ತದೆ. ಕಲ್ಲು ಹತ್ತುವ ಸೆಳೆತ 65ರಿಂದ 62ಕ್ಕೆ ಇಳಿಯುತ್ತದೆ. ಲಾಭ ಇಷ್ಟು. ನಷ್ಟವನ್ನು ಎಂಜಿನು ಹೊರಬೇಕು. ಎಲ್ಲ ಗೇರುಗಳೂ ನೂರಕ್ಕೆ ಆರರಷ್ಟು ಎತ್ತರವಾದಂತಾಗಿ, ನಾಲ್ವರನ್ನು ಹೊತ್ತು ಕೆಸರಿನಿಂದ ಮೇಲೇಳುವಾಗ ಕ್ಲಚ್ಚು ಗೋಳಾಡುತ್ತದೆ. ಬ್ರೇಕಿಗೂ ಅದೇ ಪ್ರಮಾಣದಲ್ಲಿ ಕೆಲಸ ಹೆಚ್ಚು. ವೇಗಮಾಪಕ 80 ಎಂದು ತೋರಿಸುವಾಗ ಗಾಡಿ 85ರಲ್ಲಿ ಓಡುತ್ತಿರುತ್ತದೆ. (ಮಾಪಕವನ್ನು ನಿಜಕ್ಕಿಂತ ತುಸು ಹೆಚ್ಚು ತೋರುವಂತೆ ಹೊಂದಿಸುವುದು ವಾಡಿಕೆ, ಆ ಎಚ್ಚರಿಕೆಯೂ ಇಲ್ಲಿ ಅಳಿಯಿತು.) 100 ಕಿಲೋಮೀಟರು ಹೋದರೆ 94 ಎಂದು ಬರೆದುಕೊಳ್ಳುತ್ತದೆ, ಯಜಮಾನನು ಪೆಟ್ರೋಲಿನ ಲೆಕ್ಕ ಹಾಕಿ ಎಂಜಿನನ್ನು ಬಯ್ಯುತ್ತಾನೆ.

ಭಾರದ ಮಾತೂ ಉಂಟು. ಗಾಲಿಯ ಅಂಚಿನಲ್ಲಿ ಸೇರಿದ ಒಂದು ಕಿಲೋ, ಗಾಡಿಯನ್ನು ಓಡಿಸುವಾಗಲೂ ನಿಲ್ಲಿಸುವಾಗಲೂ ಸುಮಾರು ಎರಡು ಕಿಲೋದಂತೆ ವರ್ತಿಸುತ್ತದೆ. ಏಕೆಂದರೆ ಅದನ್ನು ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಭಾರವಾದ ಗಾಲಿ ಹಳ್ಳದಿಂದ ಬೇಗನೆ ಮರಳಲಾರದೆ ಗುದ್ದನ್ನು ಮೇಲಕ್ಕೆ ಸಾಗಿಸುತ್ತದೆ.

ಇಷ್ಟು ಹೇಳಿ ದೊಡ್ಡ ರಿಮ್ಮನ್ನು ತೀರ ಹಳಿಯುವುದು ನ್ಯಾಯವಲ್ಲ. ನುಣುಪಾದ ಹೆದ್ದಾರಿಯಲ್ಲಿ, ತಿರುವುಗಳಲ್ಲಿ, ಕುಳ್ಳು ಪಕ್ಕೆಯ ಟೈರು ಕಡಿಮೆ ಬಾಗಿ ಚಾಲಕನ ಕೈಗೆ ಚುರುಕಾಗಿ ಓಗೊಡುತ್ತದೆ. ಆ ಸುಖ ಚಾಲಕನದು. ಹಿಂದಿನ ಆಸನದಲ್ಲಿ ಕುಳಿತ ತಾಯಿಯದಲ್ಲ.

ಶಿಷ್ಯರಿಗೆ ಒಂದು ಪ್ರಶ್ನೆಯನ್ನು ಮಾತ್ರ ಕೇಳಿದೆವು: ಟೈರಿನಲ್ಲಿ ಗಾಳಿ ಎಷ್ಟಿದೆ? ತಿಳಿಯದೆಂದರು. ಅಳೆಸಿದಾಗ ಕಾರಿನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಹೇಳಿದ್ದಕ್ಕಿಂತ ಹತ್ತು ಪೌಂಡು ಹೆಚ್ಚಿತ್ತು. ಗಟ್ಟಿಯಾಗಿದ್ದರೆ ಬಾಳಿಕೆ ಬರುತ್ತದೆಂದು ಯಾರೋ ತುಂಬಿಸಿದ್ದರಂತೆ. ಅದನ್ನು ಇಳಿಸಿದ ಮೇಲೆ ತಾಯಿಯವರು ವಿಜಯಪುರದವರೆಗೆ ಎರಡು ಬಾರಿ ಹೋಗಿಬಂದಿದ್ದಾರೆ. ನಡುದಾರಿಯಲ್ಲಿ ಗಾಡಿ ನಿಲ್ಲಿಸೆಂದು ಹೇಳುವುದು ಕಡಿಮೆಯಾಗಿದೆಯೆಂದು ಕಾಗದ ಬಂದಿದೆ. ಹದಿನಾಲ್ಕರ ಗಾಲಿಯೇ ಉಳಿದಿದೆ. ಅಂದದ ಆಸೆ ಮಾತ್ರ ತೀರಿಲ್ಲವೆಂದು ತೋರುತ್ತದೆ. ಗಾಲಿಗೆ ಹೊಳೆಯುವ ಹೊಸ ಮುಚ್ಚಳಗಳನ್ನು ಹಾಕಿಸಿದ್ದಾರಂತೆ. ಅದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ.