ಮುಂಗಾರಿಗೆ ಮುನ್ನ ಮರ ಕತ್ತರಿಸುವ ಯಂತ್ರಗಳ ಆರೈಕೆ ಮತ್ತು ದುರಸ್ತಿ

(ಮುಂಗಾರು ಪೂರ್ವಸಿದ್ಧತೆಯ ಅಂಗವಾಗಿ ಗ್ರಾಮ ಪಂಚಾಯತ್ ಅಧಿಕಾರಿಗಳು ಹಾಗೂ ಸಿಬ್ಬಂದಿಗೆ ನೀಡಲಾದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಮುಂಗಾರಿನ ಗಾಳಿ ಬೀಸತೊಡಗಿದೊಡನೆ ರಸ್ತೆಬದಿಯ ಅಕೇಶಿಯಾ, ನೀಲಗಿರಿ, ಸಿಲ್ವರ್ ಓಕ್ ಮರಗಳು ಉರುಳಲಾರಂಭಿಸುತ್ತವೆ. ಒಂದು ಮರ ಅಡ್ಡಬಿದ್ದರೆ ಶಾಲಾ ವಾಹನ ನಿಲ್ಲುತ್ತದೆ, ಹಾಲಿನ ವಾಹನ ನಿಲ್ಲುತ್ತದೆ, ಹೆರಿಗೆಗೆ ಹೊರಟ ಆಂಬುಲೆನ್ಸ್ ಸಹ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಊರಿನ ಕಣ್ಣು ಪಂಚಾಯತ್ ಕಟ್ಟಡದ ಮೂಲೆಯಲ್ಲಿರುವ ಚೈನ್‌ಸಾ ಯಂತ್ರದ ಮೇಲೆ ಬೀಳುತ್ತದೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಯಾರೂ ಮುಟ್ಟದಿದ್ದ ಆ ಯಂತ್ರವನ್ನು ಸುರಿಯುವ ಮಳೆಯಲ್ಲಿ, ಟಾರ್ಚಿನ ಬೆಳಕಿನಲ್ಲಿ, ಹತ್ತಾರು ಜನರ ಅವಸರದ ನಡುವೆ ಚಾಲನೆ ಮಾಡುವ ಪ್ರಯತ್ನ ನಡೆಯುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತಹ ಈ ಪರಿಪಾಠವನ್ನು ಕೊನೆಗಾಣಿಸುವುದು ಇಂದಿನ ವಿಚಾರದ ಉದ್ದೇಶ.

ಯಂತ್ರ ಚಾಲೂ ಆಗದಿದ್ದರೆ ರಸ್ತೆ ತೆರವು ವಿಳಂಬವಾಗುತ್ತದೆ. ಅದು ಒಂದು ನಷ್ಟ. ಆರೈಕೆಯಿಲ್ಲದ ಯಂತ್ರ ಹೇಗೋ ಚಾಲೂ ಆಗಿಬಿಟ್ಟರೆ ಒದಗುವ ನಷ್ಟ ಅದಕ್ಕಿಂತ ದೊಡ್ಡದು. ಪೂರ್ಣ ವೇಗದಲ್ಲಿ ಚೈನ್‌ಸಾದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಇಷ್ಟು ವೇಗದ ಹಲ್ಲು ಮೈಗೆ ತಗುಲುವ ಮುನ್ನ ಕೈ ಹಿಂತೆಗೆಯಲು ಮನುಷ್ಯನಿಗೆ ಸಮಯ ಸಿಗುವುದಿಲ್ಲ. ಕಾರ್ಮಿಕನನ್ನು ಕಾಯುವುದು ಯಂತ್ರದಲ್ಲಿರುವ ಬ್ರೇಕ್, ಸರಿಯಾದ ಬಿಗಿತ, ಹರಿತವಾದ ಹಲ್ಲು ಮತ್ತು ಮೈಮೇಲಿನ ರಕ್ಷಣಾ ಉಡುಪು. ಈ ನಾಲ್ಕೂ ಮಳೆ ಬರುವ ಮುನ್ನವೇ ಸಿದ್ಧವಾಗಿರಬೇಕಾದವು.

ಹಲ್ಲಿನ ಹರಿತ

ಇಂದು ಬಳಕೆಯಲ್ಲಿರುವ ಸರಪಳಿಯ ಹಲ್ಲಿನ ರೂಪಕ್ಕೆ ಒಂದು ಸ್ವಾರಸ್ಯಕರ ಹಿನ್ನೆಲೆಯಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಎಂಬವರು 1946ರಲ್ಲಿ ಮರಕೊರಕ ಹುಳುವಿನ ಮರಿಯೊಂದು ದಿಮ್ಮಿಯನ್ನು ಕೊರೆಯುವುದನ್ನು ಗಮನಿಸಿದರು. ಅದರ ಎಡ ಬಲ ದವಡೆಗಳು ಬಾಗಿದ ಉಳಿಗಳಂತೆ ಒಂದಾದ ಮೇಲೊಂದು ಕೆಲಸ ಮಾಡುತ್ತ ಮರವನ್ನು ಸಲೀಸಾಗಿ ಕೊರೆಯುತ್ತಿದ್ದವು. ಅದೇ ಮಾದರಿಯಲ್ಲಿ ಅವರು ರೂಪಿಸಿದ ಸರಪಳಿ 1947ರಲ್ಲಿ ಮಾರುಕಟ್ಟೆಗೆ ಬಂದಿತು. ಆರೈಕೆಯ ಮೊದಲ ಪಾಠ ಇದರಲ್ಲಿಯೇ ಅಡಗಿದೆ: ಸರಪಳಿಯಲ್ಲಿ ಎಡದ ಹಲ್ಲು, ಬಲದ ಹಲ್ಲು ಒಂದು ಬಿಟ್ಟು ಒಂದರಂತೆ ಇರುತ್ತವೆ, ಮತ್ತು ಅವೆರಡೂ ಸಮವಾಗಿರಬೇಕು. ಒಂದು ಬದಿಯ ಹಲ್ಲುಗಳು ಗಿಡ್ಡವಾದರೆ ಕೊಯ್ತ ವಾಲುತ್ತದೆ, ಬಾರ್ ಮರದಲ್ಲಿ ಸಿಕ್ಕಿಕೊಳ್ಳುತ್ತದೆ.

ಹಲ್ಲು ಹರಿತವಾಗಿದೆಯೇ ಎಂಬುದನ್ನು ಮರವೇ ಹೇಳುತ್ತದೆ. ಹರಿತ ಸರಪಳಿ ದಪ್ಪ ಚಕ್ಕೆಗಳನ್ನು ಉಗುಳುತ್ತ ತನ್ನಷ್ಟಕ್ಕೆ ಮರದೊಳಗೆ ಇಳಿಯುತ್ತದೆ. ಮೊಂಡಾದುದು ಹಿಟ್ಟಿನಂತಹ ಹುಡಿ ಬೀಳಿಸುತ್ತದೆ, ಹೊಗೆಯಾಡುತ್ತದೆ, ಕಾರ್ಮಿಕ ಮೈಭಾರ ಹಾಕಿ ಒತ್ತುವಂತೆ ಮಾಡುತ್ತದೆ. ಹಾಗೆ ಒತ್ತುತ್ತಿರುವಾಗ ಮರ ತುಂಡಾದರೆ ಯಂತ್ರ ನೇರವಾಗಿ ಕಾಲಿನತ್ತ ಬರುತ್ತದೆ. ಆದುದರಿಂದ ಮೊಂಡು ಸರಪಳಿ ಹರಿತವಾದುದಕ್ಕಿಂತ ಹೆಚ್ಚು ಅಪಾಯಕರ ಎಂಬುದನ್ನು ಪ್ರತಿಯೊಬ್ಬ ಸಿಬ್ಬಂದಿಯೂ ಮನಗಾಣಬೇಕು.

ಹರಿತಗೊಳಿಸಲು ದುಂಡು ಅರ ಬೇಕು, ಮತ್ತು ಅದರ ಗಾತ್ರ ಸರಪಳಿಗೆ ಹೊಂದಬೇಕು. 3/8 ಇಂಚು ಪಿಚ್ಚಿನ ಸಾಮಾನ್ಯ ಸರಪಳಿಗೆ 5.2 ಮಿ.ಮೀ., 0.325 ಇಂಚಿನದಕ್ಕೆ 4.8 ಮಿ.ಮೀ., ಸಣ್ಣ ಯಂತ್ರಗಳ 3/8 ಲೋ ಪ್ರೊಫೈಲ್ ಸರಪಳಿಗೆ 4 ಮಿ.ಮೀ. ಅರ ವಾಡಿಕೆ. ಬಾರನ್ನು ವೈಸಿನಲ್ಲಿ ಭದ್ರಪಡಿಸಿ, ಕೈಗವಸು ತೊಟ್ಟು, ಹಲ್ಲಿನ ಒಳಬದಿಯಿಂದ ಹೊರಬದಿಗೆ ಮಾತ್ರ ಅರವನ್ನು ತಳ್ಳಬೇಕು. ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಬೇಕು. ಬಹುತೇಕ ಸರಪಳಿಗಳಿಗೆ 30 ಡಿಗ್ರಿ ಓರೆ ಸರಿಹೊಂದುತ್ತದೆ. ನಿಖರ ಅಳತೆ ಯಂತ್ರದ ಕೈಪಿಡಿಯಲ್ಲಿರುತ್ತದೆ. ಮೊದಲ ಹಲ್ಲಿಗೆ ಮೂರು ಸಲ ಉಜ್ಜಿದರೆ ಎಲ್ಲ ಹಲ್ಲಿಗೂ ಮೂರೇ ಸಲ. ಎಲ್ಲಿಂದ ಆರಂಭಿಸಲಾಯಿತೆಂಬುದು ಮರೆಯದಂತೆ ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕುವುದು ಒಳಿತು.

ಪ್ರತಿ ಹಲ್ಲಿನ ಮುಂದಿರುವ ಸಣ್ಣ ಗುಬುಟು, ಅಂದರೆ ಡೆಪ್ತ್ ಗೇಜ್, ಹಲ್ಲು ಎಷ್ಟು ಆಳ ಕಚ್ಚಬೇಕೆಂಬುದನ್ನು ನಿರ್ಧರಿಸುತ್ತದೆ. ಅದು ಹಲ್ಲಿನ ತುದಿಗಿಂತ ಸಾಮಾನ್ಯವಾಗಿ 0.65 ಮಿ.ಮೀ. ತಗ್ಗಿರಬೇಕು. ಬೇಗ ಕೊಯ್ಯಲೆಂದು ಅದನ್ನು ಅತಿಯಾಗಿ ಉಜ್ಜಿ ತಗ್ಗಿಸಿದರೆ ಹಲ್ಲು ಮರವನ್ನು ಗಬಕ್ಕನೆ ಕಚ್ಚಿ, ಯಂತ್ರ ಎಗರಿ ಕಾರ್ಮಿಕನ ಮುಖದತ್ತ ಬರುವ ಸಂಭವ ಹೆಚ್ಚುತ್ತದೆ. ಈ ಎಗರುವಿಕೆಗೆ ಕಿಕ್‌ಬ್ಯಾಕ್ ಎಂದು ಹೆಸರು. ಬಾರಿನ ಮೂತಿಯ ಮೇಲರ್ಧ ಮರಕ್ಕೆ ತಗುಲಿದಾಗ ಇದು ಸಂಭವಿಸುತ್ತದೆ. ಹೀಗಾಗಿ ಡೆಪ್ತ್ ಗೇಜನ್ನು ಅಳತೆಪಟ್ಟಿಯಿಲ್ಲದೆ ಉಜ್ಜತಕ್ಕದ್ದಲ್ಲ.

ಬಿಗಿತ, ಬಾರ್ ಮತ್ತು ಎಣ್ಣೆ

ತಣ್ಣಗಿರುವ ಯಂತ್ರದಲ್ಲಿ ಸರಪಳಿಯು ಬಾರಿನ ಕೆಳಅಂಚಿಗೆ ಅಂಟಿಕೊಂಡಿರಬೇಕು. ಬ್ರೇಕ್ ಸಡಿಲಿಸಿ, ಕೈಗವಸು ತೊಟ್ಟ ಕೈಯಿಂದ ಎಳೆದರೆ ಸರಾಗವಾಗಿ ಜಾರಬೇಕು. ಸಡಿಲವಾದುದು ಕಳಚಿ ಬೀಸುತ್ತದೆ. ಅತಿ ಬಿಗಿಯಾದುದು ಬಾರನ್ನು ಸವೆಸುತ್ತದೆ. ಕೊಯ್ಯುವಾಗ ಸರಪಳಿ ಬಿಸಿಯಾಗಿ ಹಿಗ್ಗುವುದರಿಂದ ನಡುವೆ ಬಿಗಿ ಮಾಡಬೇಕಾಗುತ್ತದೆ. ಕೆಲಸ ಮುಗಿದೊಡನೆ ಮತ್ತೆ ಸಡಿಲಿಸಲು ಮರೆಯಬಾರದು. ತಣಿದು ಕುಗ್ಗಿದ ಸರಪಳಿ ಎಂಜಿನ್ನಿನ ಬೇರಿಂಗುಗಳ ಮೇಲೆ ಭಾರ ಹಾಕುತ್ತದೆ.

ಬಾರಿನ ಗಾಡಿಯಲ್ಲಿ ಹುಡಿ ಮತ್ತು ಎಣ್ಣೆ ಸೇರಿ ಗಟ್ಟಿಯಾಗುತ್ತದೆ. ತೆಳು ತಗಡಿನಿಂದ ಅದನ್ನು ಕೆರೆದು, ಎಣ್ಣೆ ಬರುವ ರಂಧ್ರವನ್ನು ಬಿಡಿಸಬೇಕು. ಒಂದೇ ಅಂಚು ಸವೆಯದಂತೆ ಬಾರನ್ನು ಆಗಾಗ ತಲೆಕೆಳಗು ಮಾಡಿ ಜೋಡಿಸಬೇಕು. ಪ್ರತಿ ಬಾರಿ ಇಂಧನ ತುಂಬಿದಾಗ ಸರಪಳಿಯ ಎಣ್ಣೆಯನ್ನೂ ತುಂಬುವುದು ನಿಯಮವಾಗಲಿ. ಬಾರಿನ ತುದಿಯನ್ನು ಒಣ ಮರದ ಕೊರಡಿನ ಸಮೀಪ ಹಿಡಿದು ವೇಗ ಹೆಚ್ಚಿಸಿದಾಗ ಎಣ್ಣೆಯ ಸಣ್ಣ ಗೆರೆ ಮೂಡಿದರೆ ಪಂಪು ಕೆಲಸ ಮಾಡುತ್ತಿದೆ ಎಂದರ್ಥ. ವಾಹನಗಳಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಇಲ್ಲಿ ಸಲ್ಲದು. ಅದರಲ್ಲಿನ ಲೋಹದ ಕಣಗಳು ಪಂಪನ್ನು ಕೆಡಿಸುತ್ತವೆ, ಚರ್ಮಕ್ಕೂ ಮಣ್ಣಿಗೂ ಹಾನಿ ಮಾಡುತ್ತವೆ.

ಇಂಧನ ಮತ್ತು ಎಂಜಿನ್

ಚೈನ್‌ಸಾಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಎಂಜಿನ್ ಇರುತ್ತದೆ. ಅದಕ್ಕೆ ಪ್ರತ್ಯೇಕ ಎಂಜಿನ್ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಪಿಸ್ಟನ್ನನ್ನು ಕಾಯುತ್ತದೆ. ಕೈಪಿಡಿ 50:1 ಎಂದು ಹೇಳಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ., 5 ಲೀಟರಿಗೆ 100 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಅಳೆದು ಬೆರೆಸಬೇಕು. ಅವಸರದಲ್ಲಿ ಬೈಕಿನಿಂದ ಬರಿಯ ಪೆಟ್ರೋಲ್ ತೆಗೆದು ಸುರಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ನೇ ಹಾಳಾಗಬಹುದು. ಮಿಶ್ರಣದ ಕ್ಯಾನಿನ ಮೇಲೆ "ಚೈನ್‌ಸಾ ಮಿಶ್ರಣ" ಎಂದೂ, ಬೆರೆಸಿದ ದಿನಾಂಕವನ್ನೂ ದೊಡ್ಡದಾಗಿ ಬರೆಯುವುದು ಅತ್ಯಂತ ಅಗ್ಗದ ರಕ್ಷಣೆ.

ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಹವೆಯಲ್ಲಿ ಇದು ಇನ್ನಷ್ಟು ಬೇಗ ಆಗುತ್ತದೆ. ಆದುದರಿಂದ ಒಂದು ತಿಂಗಳಿಗೆ ಸಾಲುವಷ್ಟೇ ಮಿಶ್ರಣ ತಯಾರಿಸಬೇಕು. ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದ ಇಂಧನ ತೀರುವವರೆಗೆ ಯಂತ್ರವನ್ನು ನಿಧಾನಗತಿಯಲ್ಲಿ ಓಡಿಸಿ ನಿಲ್ಲಿಸಬೇಕು. ಹಾಗೆ ಮಾಡದಿದ್ದರೆ ಉಳಿದ ಇಂಧನ ಅಂಟಾಗಿ, ಕಾರ್ಬುರೇಟರಿನ ರಬ್ಬರ್ ಪೊರೆ ಬಿರುಸಾಗುತ್ತದೆ. ಜೂನಿನಲ್ಲಿ ಹಗ್ಗ ಎಳೆದೆಳೆದು ತೋಳು ಸೋಲುವುದಕ್ಕೆ ಕಾರಣವನ್ನು ಹೆಚ್ಚಾಗಿ ಹಿಂದಿನ ಅಕ್ಟೋಬರಿನಲ್ಲಿ ಹುಡುಕಬೇಕು.

ಏರ್ ಫಿಲ್ಟರನ್ನು ಕೆಲಸದ ಪ್ರತಿ ದಿನ ತೆಗೆದು ಕೊಡವಿ, ಕೈಪಿಡಿಯಲ್ಲಿ ಅವಕಾಶವಿದ್ದರೆ ಸಾಬೂನು ನೀರಿನಲ್ಲಿ ತೊಳೆದು, ಪೂರ್ಣ ಒಣಗಿಸಿ ಹಾಕಬೇಕು. ಸ್ಪಾರ್ಕ್ ಪ್ಲಗ್ಗಿನ ಅಂತರ ಸಾಮಾನ್ಯವಾಗಿ 0.5 ಮಿ.ಮೀ. ಪ್ಲಗ್ ಒದ್ದೆಯಾಗಿದ್ದರೆ ಇಂಧನ ಹೆಚ್ಚಾಗಿ ಹರಿದಿದೆ. ಒಣಗಿದ್ದರೆ ಇಂಧನ ತಲುಪುತ್ತಿಲ್ಲ, ಟ್ಯಾಂಕಿನೊಳಗಿನ ಫಿಲ್ಟರನ್ನು ನೋಡಬೇಕು. ಕಪ್ಪು ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಆಯಿಲ್ ಹೆಚ್ಚಾಗಿರಬಹುದು. ಬಿಸಿ ಎಂಜಿನ್ನಿಗೆ ಇಂಧನ ತುಂಬಬಾರದು. ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಸರಿದು ಚಾಲನೆ ಮಾಡಬೇಕು.

ಮರದ ಬಳಿ ಹೋಗುವ ಮುನ್ನ ಮೂರು ಪರೀಕ್ಷೆ

ಮೊದಲನೆಯದು ಬ್ರೇಕ್. ಯಂತ್ರವನ್ನು ನೆಲದ ಮೇಲೆ ಭದ್ರವಾಗಿ ಹಿಡಿದು ಚಾಲನೆ ಮಾಡಿ, ಮುಂದಿನ ಕೈಕಾಪನ್ನು ಮುಂದಕ್ಕೆ ತಳ್ಳಿ ಬ್ರೇಕ್ ಹಾಕಿ, ಗರಿಷ್ಠ 3 ಸೆಕೆಂಡು ಮಾತ್ರ ಪೂರ್ಣ ಆಕ್ಸಿಲರೇಟರ್ ಕೊಡಬೇಕು. ಸರಪಳಿ ತಿರುಗಕೂಡದು. ಎರಡನೆಯದು ನಿಧಾನಗತಿ: ಬ್ರೇಕ್ ಸಡಿಲಿಸಿ, ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡುತ್ತಿದ್ದರೂ ಸರಪಳಿ ನಿಂತಿರಬೇಕು. ತಿರುಗುತ್ತಿದ್ದರೆ ನಿಧಾನಗತಿಯ ಸ್ಕ್ರೂ ಸರಿಪಡಿಸಬೇಕು; ಆದರೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿರುವ ಶಂಕೆಯಿದೆ. ಮೂರನೆಯದು ಸ್ವಿಚ್: ಆಫ್ ಮಾಡಿದ ಕ್ಷಣ ಎಂಜಿನ್ ನಿಲ್ಲಬೇಕು. ಈ ಮೂರಕ್ಕೆ ಎರಡು ನಿಮಿಷ ಸಾಕು.

ಹರಿತ, ಬಿಗಿತ, ಫಿಲ್ಟರ್, ಪ್ಲಗ್, ಬಾರ್ ಇವುಗಳನ್ನು ಪಂಚಾಯತ್ ಮಟ್ಟದಲ್ಲಿಯೇ ನೋಡಿಕೊಳ್ಳಬಹುದು. ಬ್ರೇಕ್ ಪಟ್ಟಿ, ಕ್ಲಚ್, ಕಾರ್ಬುರೇಟರಿನ ಒಳಭಾಗ, ಪಿಸ್ಟನ್ ಇವು ತರಬೇತಿ ಪಡೆದ ಮೆಕ್ಯಾನಿಕ್‌ನ ಕೆಲಸ. ಸ್ಟಾರ್ಟರ್ ಹಗ್ಗದ ಹಿಂದಿರುವ ಸುರುಳಿ ಸ್ಪ್ರಿಂಗ್ ಬಿಚ್ಚಿಕೊಂಡು ಮುಖಕ್ಕೆ ಬಡಿಯಬಲ್ಲುದು. ಅರಿಯದವರು ಅದನ್ನು ತೆರೆಯಬಾರದು.

ಇತರ ಸಲಕರಣೆಗಳು

ಮರವನ್ನು ಎಳೆಯಲು ಬಳಸಿದ ಹಗ್ಗವನ್ನು ಮನುಷ್ಯ ಮರವೇರಲು ಎಂದಿಗೂ ಬಳಸಕೂಡದು. ಎರಡಕ್ಕೂ ಬೇರೆ ಬಣ್ಣದ ಗುರುತಿರಲಿ. ಎಳೆ ಹರಿದ, ಕರಗಿದ ಅಥವಾ ಬ್ಯಾಟರಿ ಆಮ್ಲ ತಾಗಿದ ಹಗ್ಗವನ್ನು ತುಂಡರಿಸಿ ವಿಲೇವಾರಿ ಮಾಡಬೇಕು, ಇಲ್ಲವಾದರೆ ಯಾರಾದರೂ ಮತ್ತೆ ಬಳಸುತ್ತಾರೆ. ಕೊಡಲಿಯ ಕಾವು ಸಡಿಲವಿದ್ದರೆ ಹೊಸದು ಹಾಕಿಸಬೇಕು. ಕೊಯ್ತದಲ್ಲಿ ಸರಪಳಿಗೆ ತಗುಲುವ ಸಂಭವವಿರುವುದರಿಂದ ಕಬ್ಬಿಣದ ಬೆಣೆಯ ಬದಲು ಮರದ ಅಥವಾ ಪ್ಲಾಸ್ಟಿಕ್ ಬೆಣೆ ಬಳಸಬೇಕು. ರಸ್ತೆಗೆ ಬಿದ್ದ ಮರದ ತೊಗಟೆಯಲ್ಲಿ ಮಣ್ಣು, ಮೊಳೆ, ಬೇಲಿಯ ತಂತಿ ಇರುತ್ತದೆ. ಒಮ್ಮೆ ಡಾಂಬರಿಗೆ ತಾಗಿದರೆ ಸಾಕು, ಹಲ್ಲು ಮೊಂಡಾಗುತ್ತದೆ. ಆದುದರಿಂದ ಹರಿತಗೊಳಿಸಿದ ಇನ್ನೊಂದು ಸರಪಳಿ ಪೆಟ್ಟಿಗೆಯಲ್ಲಿರಲೇಬೇಕು. ಹೆಲ್ಮೆಟ್, ಮುಖದ ಜಾಲರಿ, ಕಿವಿಮುಚ್ಚಳ, ಸರಪಳಿ ತಡೆಯುವ ಪ್ಯಾಂಟು, ಬೂಟು ಸಹ ಯಂತ್ರದ ಭಾಗಗಳೆಂದೇ ಪರಿಗಣಿಸಿ ದಾಸ್ತಾನು ವಹಿಯಲ್ಲಿ ನಮೂದಿಸಬೇಕು.

ಮರದೊಂದಿಗೆ ವಿದ್ಯುತ್ ತಂತಿ ಬಿದ್ದಿದ್ದಲ್ಲಿ ಎಷ್ಟೇ ಸುಸ್ಥಿತಿಯ ಯಂತ್ರವಿದ್ದರೂ ಕೆಲಸ ಆರಂಭಿಸಬಾರದು. 1912ಕ್ಕೆ ಕರೆ ಮಾಡಿ, ಮಾರ್ಗದಲ್ಲಿ ವಿದ್ಯುತ್ ಕಡಿತಗೊಂಡಿದೆ ಎಂಬುದನ್ನು ಲೈನ್‌ಮನ್ ಸ್ಥಳದಲ್ಲಿ ದೃಢಪಡಿಸಿದ ನಂತರವೇ ಮುಂದಿನ ಕ್ರಮ. ನಿಂತಿರುವ ಮರ ಕಡಿಯುವ ಪ್ರಶ್ನೆ ಬಂದಾಗ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿಯ ವಿಚಾರವನ್ನು ಅರಣ್ಯ ಇಲಾಖೆಯೊಂದಿಗೆ ಇತ್ಯರ್ಥಪಡಿಸಿಕೊಳ್ಳಬೇಕು.

ಹೊಣೆ ಯಾರದು

ಆಯುಧಪೂಜೆಯ ದಿನ ಹಲವು ಪಂಚಾಯತ್‌ಗಳಲ್ಲಿ ಯಂತ್ರವನ್ನು ತೊಳೆದು, ಕುಂಕುಮವಿಟ್ಟು, ಹೂವೇರಿಸುತ್ತಾರೆ. ಆ ಭಕ್ತಿ ಸಲ್ಲುವಂಥದ್ದೇ. ಆದರೆ ವರ್ಷದ ಉಳಿದ ದಿನಗಳಲ್ಲಿ ಯಂತ್ರ ಎಲ್ಲರದೂ ಆಗಿ, ಯಾರದೂ ಅಲ್ಲದ್ದಾಗಿರುತ್ತದೆ. ಕೇಳಿದವರಿಗೆಲ್ಲ ಎರವಲು ಹೋಗುತ್ತದೆ. ಮುರಿದ ಹಲ್ಲಿನೊಂದಿಗೆ ಹಿಂದಿರುಗುತ್ತದೆ. ಯಾರು ಮುರಿದರೆಂಬುದು ತಿಳಿಯುವುದಿಲ್ಲ. ಆದುದರಿಂದ ಯಂತ್ರದ ಆರೈಕೆಯನ್ನು ತರಬೇತಿ ಪಡೆದ ಒಬ್ಬ ಸಿಬ್ಬಂದಿಯ ಹೆಸರಿಗೆ ಲಿಖಿತವಾಗಿ ವಹಿಸಬೇಕು. ಒಂದು ಸಣ್ಣ ಲಾಗ್ ಪುಸ್ತಕದಲ್ಲಿ ದಿನಾಂಕ, ಓಡಿದ ಅವಧಿ, ಮೂರು ಪರೀಕ್ಷೆಗಳ ಫಲಿತಾಂಶ, ಮಾಡಿದ ದುರಸ್ತಿ, ಕೊಂಡೊಯ್ದವರ ಸಹಿ ಇವಿಷ್ಟು ಇದ್ದರೆ ಸಾಕು. ಅರ, ಪ್ಲಗ್, ಫಿಲ್ಟರ್, ಹೆಚ್ಚುವರಿ ಸರಪಳಿಗಳ ಖರೀದಿಗೆ ಮೇ ತಿಂಗಳಿಗೆ ಮುನ್ನವೇ ಮಂಜೂರಾತಿ ದೊರೆಯಬೇಕು.

ಎಲ್ಲಕ್ಕಿಂತ ಕಠಿಣವಾದ ಒಂದು ಮಾತು ಉಳಿದಿದೆ. ರಾತ್ರಿಯ ಮಳೆಯಲ್ಲಿ ವಾಹನಗಳ ಸಾಲು ನಿಂತಿರುವಾಗ, ಬ್ರೇಕ್ ಹಿಡಿಯುತ್ತಿಲ್ಲವೆಂದು ಹೇಳುವ ದಿನಗೂಲಿ ಕಾರ್ಮಿಕನ ಮಾತಿಗೆ ಬೆಲೆ ಸಿಗುವುದು ಅಪರೂಪ. ಜನ ಗದರುತ್ತಾರೆ, ಸದಸ್ಯರು ಫೋನ್ ಮಾಡುತ್ತಾರೆ, ಕೊನೆಗೆ ಅವನು ಯಂತ್ರ ಎತ್ತಿಕೊಳ್ಳುತ್ತಾನೆ. ಕಾಲು ಕಳೆದುಕೊಂಡರೆ ಅವನ ಮನೆಯ ಅನ್ನ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಸೋತ ಯಂತ್ರ ಮರದ ಬಳಿ ಹೋಗಬಾರದು, ಬೇಡವೆಂದವನ ಮೇಲೆ ಯಾವ ಕ್ರಮವೂ ಆಗಬಾರದು ಎಂಬ ತೀರ್ಮಾನವನ್ನು ಪ್ರತಿ ಗ್ರಾಮ ಪಂಚಾಯತ್ ತನ್ನ ಮುಂದಿನ ಸಾಮಾನ್ಯ ಸಭೆಯಲ್ಲಿ ಠರಾವಿನ ರೂಪದಲ್ಲಿ ದಾಖಲಿಸಬೇಕು. ನೆರೆಯ ಪಂಚಾಯತ್‌ನಿಂದ ಸುಸ್ಥಿತಿಯ ಯಂತ್ರ ತರಿಸಲು ಹಿಡಿಯುವ ಒಂದು ಗಂಟೆಯನ್ನು ಊರು ಸಹಿಸಿಕೊಳ್ಳಬಲ್ಲುದು. ಅದಕ್ಕಾಗಿ ನೆರೆಯ ಪಂಚಾಯತ್‌ಗಳ ಯಂತ್ರ ಉಸ್ತುವಾರಿ ಸಿಬ್ಬಂದಿಯ ದೂರವಾಣಿ ಸಂಖ್ಯೆಗಳನ್ನು ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುವುದು.

ಈ ವಾರದೊಳಗೆ ಪ್ರತಿ ಪಂಚಾಯತ್‌ನಲ್ಲಿ ಯಂತ್ರವನ್ನು ಹೊರತೆಗೆದು, ಹಳೆಯ ಇಂಧನ ಖಾಲಿ ಮಾಡಿ, ಮೂರು ಪರೀಕ್ಷೆ ನಡೆಸಿ, ಲಾಗ್ ಪುಸ್ತಕದ ಮೊದಲ ಸಾಲು ಬರೆಯಲ್ಪಡಲಿ ಎಂದು ಕೋರುತ್ತ ಈ ಉಪನ್ಯಾಸವನ್ನು ಮುಗಿಸಲಾಗುತ್ತಿದೆ.